ಕೈಯಾರೆ ಕಲಿಯುವ ತೋಟಗಾರಿಕೆ: ಕಾರ್ಯಾಗಾರಕ್ಕೆ ಹೋಗಿ ನಿಜವಾಗಿ ಕೆಲಸ ಕಲಿತು ಬರುವುದು ಹೇಗೆ?

ತೋಟಗಾರಿಕೆಯ ವಿಡಿಯೊಗಳಿಗೆ ಬರವಿಲ್ಲ. ಕಸಿ ಕಟ್ಟುವುದು, ಗೊಬ್ಬರ ಮಾಡುವುದು, ಕೊಂಬೆ ಸವರುವುದು, ಎಲ್ಲವೂ ಹತ್ತು ನಿಮಿಷದಲ್ಲಿ ನೋಡಲು ಸಿಗುತ್ತವೆ. ನೋಡುವಾಗ ಎಲ್ಲ ಅರ್ಥವಾದಂತೆಯೇ ಇರುತ್ತದೆ. ಕತ್ತರಿ ಕೈಗೆ ಬಂದಾಗ ಮಾತ್ರ ಎಲ್ಲಿ ಕತ್ತರಿಸಬೇಕು ಅನ್ನುವುದೇ ತೋಚುವುದಿಲ್ಲ. ವಿಡಿಯೊದಲ್ಲಿರುವವರನ್ನು ನೀವು ನೋಡಬಹುದು, ಅವರು ನಿಮ್ಮ ಕೈಯನ್ನು ನೋಡಲಾರರು. ಮಣ್ಣು ಜಾಸ್ತಿ ಹಸಿಯಾಗಿದೆ, ಚಾಕು ಮೊಂಡಾಗಿದೆ, ಸಸಿಯನ್ನು ಕಾಂಡ ಹಿಡಿದು ಎತ್ತುತ್ತಿದ್ದೀರಿ ಅಂತ ಹೇಳಲು ಪಕ್ಕದಲ್ಲಿ ಒಬ್ಬರು ಬೇಕು.

ಊರಿನ ಜನ ಸೇರಿ ನಡೆಸುವ ಕಾರ್ಯಾಗಾರಗಳ ಬೆಲೆ ಇರುವುದು ಇಲ್ಲೇ. ಬರೀ ಮಾಹಿತಿ ಬೇಕಿದ್ದರೆ ಅಷ್ಟು ದೂರ ಹೋಗುವ ಅಗತ್ಯವೇ ಇಲ್ಲ. ಹಾಗಾಗಿ ಯಾವ ಕಾರ್ಯಾಗಾರವನ್ನಾದರೂ ಒಂದೇ ಅಳತೆಗೋಲಿನಿಂದ ಅಳೆಯಿರಿ ಅನ್ನುತ್ತೇನೆ: ಆ ದಿನ ನಿಮ್ಮ ಕೈ ಎಷ್ಟು ಕೆಲಸ ಮಾಡುತ್ತದೆ, ಅದನ್ನು ಯಾರು ನೋಡಿ ತಿದ್ದುತ್ತಾರೆ? ಆಯ್ಕೆ, ತಯಾರಿ, ಆಮೇಲಿನ ಅಭ್ಯಾಸ ಎಲ್ಲವೂ ಈ ಪ್ರಶ್ನೆಯ ಸುತ್ತಲೇ ತಿರುಗುತ್ತವೆ.

ಮೊದಲು ಒಂದೇ ಕೆಲಸ ಆರಿಸಿಕೊಳ್ಳಿ

"ತೋಟಗಾರಿಕೆ ಕಲಿಯಬೇಕು" ಅಂತ ಹೊರಟರೆ ಹುಡುಕಾಟ ಎಲ್ಲೂ ನಿಲ್ಲುವುದಿಲ್ಲ. "ಗುಲಾಬಿ ಕಡ್ಡಿಯಲ್ಲಿ ಬೇರು ಬರಿಸಲು ಕಲಿಯಬೇಕು" ಅಂದುಕೊಂಡರೆ ಯಾವ ಕಾರ್ಯಾಗಾರ ಬೇಕು, ಯಾವುದು ಬೇಡ ಅಂತ ತಾನಾಗಿಯೇ ಗೊತ್ತಾಗುತ್ತದೆ. ಮುಂದಿನ ಆರು ತಿಂಗಳಲ್ಲಿ ಕೈಗೆ ಹತ್ತಬೇಕಾದ ಒಂದು ಕೆಲಸವನ್ನು ಬರೆದಿಟ್ಟುಕೊಳ್ಳಿ. ಎರಡು ಬರೆಯುವ ಆಸೆ ಬಂದೇ ಬರುತ್ತದೆ. ಒಂದನ್ನು ಹೊಡೆದುಹಾಕಿ.

ಎಲ್ಲದಕ್ಕೂ ಕಾರ್ಯಾಗಾರ ಬೇಕಿಲ್ಲ. ಬೀಜವನ್ನು ಎಷ್ಟು ಆಳಕ್ಕೆ ಹಾಕಬೇಕು (ಸಾಮಾನ್ಯವಾಗಿ ಬೀಜದ ದಪ್ಪದ ಎರಡು ಮೂರು ಪಟ್ಟು), ತರಕಾರಿ ಮಡಿಗೆ ವಾರಕ್ಕೆ ಎಷ್ಟು ನೀರು ಬೇಕು (ಸುಮಾರು 25 ಮಿಲಿಮೀಟರ್, ಅಂದರೆ ಚದರ ಮೀಟರಿಗೆ 25 ಲೀಟರ್, ಬಿಸಿಲು ಮತ್ತು ಮಣ್ಣು ನೋಡಿ ಹೆಚ್ಚು ಕಡಿಮೆ), ಗಿಡದಿಂದ ಗಿಡಕ್ಕೆ ಎಷ್ಟು ಅಂತರ ಬಿಡಬೇಕು ಅನ್ನುವುದನ್ನೆಲ್ಲ ಓದಿಯೇ ತಿಳಿಯಬಹುದು. ಮಣ್ಣಿನ ಹದ, ಗೊಬ್ಬರದ ರಾಶಿ ಕಟ್ಟುವುದು, ಎಳೆ ಸಸಿ ಬಿಡಿಸಿ ನೆಡುವುದು, ಕಡ್ಡಿ ನೆಡುವುದು, ಕೊಂಬೆ ಸವರುವುದು, ಕಸಿ ಕಟ್ಟುವುದು ಮಾತ್ರ ಓದಿ ಬರುವ ಕೆಲಸಗಳಲ್ಲ.

ಹೊಸಬರಾದರೆ ಇದೇ ಕ್ರಮದಲ್ಲಿ ಹೋಗಿ. ಕಸಿ ಕಟ್ಟುವುದು ಎಲ್ಲರಿಗೂ ಆಕರ್ಷಕ. ಅದಕ್ಕೇ ಮೊದಲು ಅಲ್ಲಿಗೇ ಓಡುತ್ತಾರೆ. ಕಸಿ ಗಿಡ ಮನೆಗೆ ಬಂದ ಮೇಲೆ ಮಣ್ಣು ಸರಿಯಿಲ್ಲದೆ ಒಣಗಿದರೆ ಏನು ಲಾಭ, ಅಲ್ವಾ?

ಎಲ್ಲಿ ಹುಡುಕುವುದು

ಸಸ್ಯೋದ್ಯಾನಗಳು, ಕೃಷಿ ಮತ್ತು ತೋಟಗಾರಿಕೆ ಕಾಲೇಜುಗಳ ವಿಸ್ತರಣಾ ವಿಭಾಗ (ಹೊರಗಿನ ಜನರಿಗೆ ತಿಳಿಸಿಕೊಡುವ ವಿಭಾಗ), ಸಮುದಾಯ ತೋಟಗಳು, ಬೀಜ ವಿನಿಮಯ ಮಾಡುವ ಗುಂಪುಗಳು, ಗ್ರಂಥಾಲಯಗಳು, ಶಾಲೆಗಳ ಕೈತೋಟಗಳು. ನರ್ಸರಿಗಳೂ ಕಾರ್ಯಾಗಾರ ನಡೆಸುತ್ತವೆ. ಕೆಲವು ತುಂಬ ಚೆನ್ನಾಗಿರುತ್ತವೆ. ಇನ್ನು ಕೆಲವು ಕಡೆ ಕಲಿಸುವ ನೆಪದಲ್ಲಿ ಕುಂಡ, ಗೊಬ್ಬರ ಮಾರುವುದೇ ಮುಖ್ಯ ಕೆಲಸ. ಒಂದು ಗಂಟೆಯಲ್ಲಿ ಎಷ್ಟು ಸಲ ಕಂಪನಿ ಹೆಸರು ಬಂತು ಅನ್ನುವುದರಲ್ಲೇ ಅದು ಗೊತ್ತಾಗುತ್ತದೆ.

ಒಂದು ದಿನದ ಕಾರ್ಯಾಗಾರಕ್ಕಿಂತ ಒಂದು ಹಂಗಾಮು ಪೂರ್ತಿ ನಡೆಯುವ ಗುಂಪು ಸಿಕ್ಕರೆ ಬಿಡಬೇಡಿ. 1989ರಲ್ಲಿ ಇಂಡೋನೇಷ್ಯಾದಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯ ನೆರವಿನಿಂದ ಭತ್ತದ ರೈತರಿಗಾಗಿ ಹೊಲದ ಶಾಲೆಗಳು ಶುರುವಾದವು. ರೈತರು ವಾರಕ್ಕೊಮ್ಮೆ ಅದೇ ಗದ್ದೆಯಲ್ಲಿ ಸೇರಿ, ಬೆಳೆ, ಕೀಟ, ಕೀಟ ತಿನ್ನುವ ಜೇಡ ಎಲ್ಲವನ್ನೂ ತಾವೇ ಎಣಿಸಿ, ಚಿತ್ರ ಬರೆದು, ಮುಂದೇನು ಮಾಡಬೇಕು ಅಂತ ತಾವೇ ತೀರ್ಮಾನಿಸುತ್ತಿದ್ದರು. ಆ ಪದ್ಧತಿ ಆಮೇಲೆ ಬೇರೆ ಬೇರೆ ಬೆಳೆಗಳಿಗೆ, ಹತ್ತಾರು ದೇಶಗಳಿಗೆ ಹರಡಿತು. ಒಂದೇ ಗಿಡವನ್ನು ವಾರ ವಾರವೂ ನೋಡಿದವರಿಗೆ ಬರುವ ಕಣ್ಣು ಒಂದು ಬೆಳಗಿನ ತರಗತಿಯಲ್ಲಿ ಬರುವುದಿಲ್ಲ.

ಇನ್ನೊಂದು ಮಾದರಿ 1973ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ಶುರುವಾದ ಮಾಸ್ಟರ್ ಗಾರ್ಡನರ್ ಕಾರ್ಯಕ್ರಮ. ವಿಶ್ವವಿದ್ಯಾಲಯದವರು ಆಸಕ್ತರಿಗೆ ತರಬೇತಿ ಕೊಡುತ್ತಾರೆ. ಕಲಿತವರು ಅದಕ್ಕೆ ಪ್ರತಿಯಾಗಿ ಊರಿನ ಜನರಿಗೆ ಸ್ವಯಂಸೇವಕರಾಗಿ ತಿಳಿಸಿಕೊಡುತ್ತಾರೆ. ಈ ತರಹದ ಕೊಡುಕೊಳ್ಳುವಿಕೆ ಎಲ್ಲಿದ್ದರೂ ಸೇರಿಕೊಳ್ಳಿ. ಇನ್ನೊಬ್ಬರಿಗೆ ಹೇಳಿಕೊಡಬೇಕು ಅಂತ ಗೊತ್ತಿದ್ದರೆ ಕಲಿಯುವ ರೀತಿಯೇ ಬದಲಾಗುತ್ತದೆ.

ಹೆಸರು ಕೊಡುವ ಮುನ್ನ ಕೇಳಿ

ಒಂದು ಫೋನ್ ಮಾಡಿ. ಎಷ್ಟು ಜನ ಬರುತ್ತಾರೆ, ಎಷ್ಟು ಜನ ಕಲಿಸುತ್ತಾರೆ ಅಂತ ಕೇಳಿ. ಕಸಿ, ಸವರುವ ಕೆಲಸಕ್ಕೆ ಒಬ್ಬ ಕಲಿಸುವವರಿಗೆ ಎಂಟು ಹತ್ತು ಜನ ಮೀರಿದರೆ ನಿಮ್ಮ ಕೈ ನೋಡಲು ಅವರಿಗೆ ಪುರುಸೊತ್ತೇ ಸಿಗುವುದಿಲ್ಲ. ಗೊಬ್ಬರದ ರಾಶಿ ಕಟ್ಟುವುದಕ್ಕೆ ಇಪ್ಪತ್ತು ಜನರಾದರೂ ತೊಂದರೆಯಿಲ್ಲ. ಅಲ್ಲಿ ಜನ ಹೆಚ್ಚಿದ್ದಷ್ಟೂ ಕೆಲಸ ಬೇಗ ಸಾಗುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು: "ಪ್ರತಿಯೊಬ್ಬರೂ ಕೈಯಾರೆ ಮಾಡುತ್ತಾರಾ, ಅಥವಾ ನೀವು ಮಾಡಿ ತೋರಿಸುತ್ತೀರಾ?" "ನಾವು ತೋರಿಸುತ್ತೇವೆ, ಕೊನೆಯಲ್ಲಿ ಪ್ರಶ್ನೋತ್ತರ ಇದೆ" ಅಂದರೆ ಅದು ಉಪನ್ಯಾಸ. ಉಪನ್ಯಾಸ ಕೆಟ್ಟದ್ದೇನಲ್ಲ, ಆದರೆ ನೀವು ಹುಡುಕುತ್ತಿರುವುದು ಅದನ್ನಲ್ಲ.

ಹಂಗಾಮನ್ನೂ ವಿಚಾರಿಸಿ. ಎಲೆ ಉದುರಿಸುವ ಹಣ್ಣಿನ ಮರಗಳಲ್ಲಿ ಬಹುಪಾಲನ್ನು ಅವು ಸುಪ್ತವಾಗಿರುವ ಚಳಿಗಾಲದಲ್ಲೇ ಸವರುತ್ತಾರೆ. ಬಿರು ಬೇಸಿಗೆಯಲ್ಲಿ ಅದನ್ನು ಕಲಿಸುತ್ತೇವೆ ಅಂದರೆ ಯಾಕೆ ಅಂತ ಕೇಳುವುದರಲ್ಲಿ ತಪ್ಪಿಲ್ಲ. ಕಲಿತದ್ದನ್ನು ಮುಂದಿನ ವಾರವೇ ಮನೆಯಲ್ಲಿ ಮಾಡುವಂತಿರಬೇಕು. ನಾಲ್ಕು ತಿಂಗಳು ಕಾಯಬೇಕಾದರೆ ಅರ್ಧ ಮರೆತಿರುತ್ತದೆ.

ಮಾಡಿದ್ದನ್ನು ಮನೆಗೆ ಒಯ್ಯಬಹುದಾ, ಎರಡನೆಯ ಭೇಟಿ ಇದೆಯಾ ಅಂತಲೂ ಕೇಳಿ. ಎರಡನೆಯ ಭೇಟಿ ಇರುವ ಕಾರ್ಯಾಗಾರ ಸಿಕ್ಕರೆ ಸ್ವಲ್ಪ ದೂರವಾದರೂ ಅದನ್ನೇ ಆರಿಸಿ.

ಹೋಗುವ ಮುನ್ನ ಮನೆಯಲ್ಲಿ ಮಾಡಬೇಕಾದ್ದು

ಬರಿಗೈಯಲ್ಲಿ ಹೋಗಬೇಡಿ. ನಿಮ್ಮ ಮಣ್ಣನ್ನು ತೆಗೆದುಕೊಂಡು ಹೋಗಿ. ಮೇಲಿನ ಕಸ ಸರಿಸಿ, ಒಂದು ಗೇಣು ಆಳದವರೆಗಿನ ಮಣ್ಣನ್ನು ಮೂರು ನಾಲ್ಕು ಕಡೆಯಿಂದ ತೆಗೆದು, ಬೆರೆಸಿ, ಎರಡು ಹಿಡಿ ಚೀಲಕ್ಕೆ ಹಾಕಿ.

ಅದೇ ಮಣ್ಣಿನಿಂದ ಒಂದು ಬಾಟಲಿ ಪರೀಕ್ಷೆ ಮಾಡಿ. ಅಗಲ ಬಾಯಿಯ ಗಾಜಿನ ಬಾಟಲಿಯ ಮೂರನೇ ಒಂದು ಭಾಗ ಮಣ್ಣು ಹಾಕಿ, ಕುತ್ತಿಗೆಯವರೆಗೆ ನೀರು ತುಂಬಿ, ಚೆನ್ನಾಗಿ ಕುಲುಕಿ, ಅಲುಗಾಡದ ಕಡೆ ಇಡಿ. ಒಂದು ನಿಮಿಷದಲ್ಲಿ ಮರಳು ತಳಕ್ಕೆ ಕೂರುತ್ತದೆ. ಒಂದೆರಡು ಗಂಟೆಯಲ್ಲಿ ಅದರ ಮೇಲೆ ನುಣುಪಾದ ರೇವೆ ಮಣ್ಣು ನಿಲ್ಲುತ್ತದೆ. ಜೇಡಿ ಕೂರಲು ಒಂದು ದಿನ, ಕೆಲವೊಮ್ಮೆ ಎರಡು ದಿನ ಬೇಕು. ಮೂರೂ ಪದರಗಳನ್ನು ಅಳತೆಪಟ್ಟಿಯಿಂದ ಅಳೆದು ಒಂದು ಫೋಟೊ ತೆಗೆದುಕೊಳ್ಳಿ. "ನಮ್ಮದು ಒಳ್ಳೆ ಮಣ್ಣು ಅನಿಸುತ್ತೆ" ಅನ್ನುವುದಕ್ಕೂ "ಅರ್ಧಕ್ಕಿಂತ ಹೆಚ್ಚು ಮರಳಿದೆ" ಅನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯ ಮಾತಿಗೆ ಕಲಿಸುವವರು ಸರಿಯಾದ ಉತ್ತರ ಕೊಡಬಲ್ಲರು.

ಜಾಗದ ಫೋಟೊ ಬೆಳಗ್ಗೆ, ಮಧ್ಯಾಹ್ನ, ಸಂಜೆ ಒಂದೊಂದು ಇರಲಿ. ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಅನ್ನುವುದು ಅದರಲ್ಲೇ ಕಾಣುತ್ತದೆ. ಕಾಯಿ ಬಿಡುವ ತರಕಾರಿಗಳಿಗೆ ದಿನಕ್ಕೆ ಆರರಿಂದ ಎಂಟು ಗಂಟೆ ಬಿಸಿಲು ಬೇಕು. ಸೊಪ್ಪುಗಳು ಅದಕ್ಕಿಂತ ಕಡಿಮೆಯಲ್ಲೂ ಬರುತ್ತವೆ.

ಆರೋಗ್ಯದ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಧನುರ್ವಾಯು ತರುವ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಇರುತ್ತದೆ. ಹತ್ತು ವರ್ಷದಿಂದ ಟಿಟಿ ಚುಚ್ಚುಮದ್ದು ಹಾಕಿಸಿಲ್ಲದಿದ್ದರೆ ವೈದ್ಯರನ್ನು ಕೇಳಿ. ಗೊಬ್ಬರ ಅಥವಾ ಪಾಟಿಂಗ್ ಮಿಕ್ಸ್ (ಕುಂಡಕ್ಕೆ ತುಂಬುವ ಸಿದ್ಧ ಮಿಶ್ರಣ) ಚೀಲವನ್ನು ಮುಖದ ಹತ್ತಿರ ಹಿಡಿದು ಹರಿಯಬೇಡಿ. ಅದರ ಧೂಳಿನಲ್ಲಿ ಶ್ವಾಸಕೋಶಕ್ಕೆ ಸೋಂಕು ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಚೀಲ ತೆರೆದು ಸ್ವಲ್ಪ ನೀರು ಚಿಮುಕಿಸಿ ಆಮೇಲೆ ಕೈ ಹಾಕಿ. ಗುಲಾಬಿ ಮುಳ್ಳು ಚುಚ್ಚಿದ ಗಾಯದ ಮೂಲಕ ಚರ್ಮಕ್ಕೆ ಇಳಿಯುವ ಒಂದು ಶಿಲೀಂಧ್ರವೂ ಇದೆ. ಗುಲಾಬಿ ಕೆಲಸಕ್ಕೆ ದಪ್ಪ ಕೈಗವಸು ಬೇಕೇ ಬೇಕು.

ಕೊಳೆಯಾದರೂ ಬೇಸರವಿಲ್ಲದ ಬಟ್ಟೆ, ಬೆರಳು ಮುಚ್ಚುವ ಚಪ್ಪಲಿ ಅಥವಾ ಬೂಟು, ನೀರಿನ ಬಾಟಲಿ, ಪೆನ್ಸಿಲ್. ಪೆನ್ ಬೇಡ, ಒದ್ದೆ ಕಾಗದದ ಮೇಲೆ ಅದು ಬರೆಯುವುದಿಲ್ಲ.

ಅಲ್ಲಿ ಹೇಗಿರಬೇಕು

ಕಲಿಸುವವರ ಎದುರಿಗೆ ನಿಲ್ಲಬೇಡಿ. ಅವರ ಭುಜದ ಹಿಂದೆ, ಒಂದು ಪಕ್ಕಕ್ಕೆ ನಿಲ್ಲಿ. ಎದುರಿಗೆ ನಿಂತರೆ ಅವರ ಬಲಗೈ ನಿಮಗೆ ಎಡಕ್ಕೆ ಕಾಣುತ್ತದೆ, ಚಾಕು ಯಾವ ಕಡೆಗೆ ಎಳೆದರು ಅನ್ನುವುದು ತಲೆಕೆಳಗಾಗುತ್ತದೆ. ಹಿಂದಿನಿಂದ ನೋಡಿದರೆ ಅವರ ಕೈ ಹೇಗೆ ತಿರುಗಿತೋ ನಿಮ್ಮ ಕೈಯೂ ಹಾಗೇ ತಿರುಗಬೇಕು ಅಂತ ನೇರವಾಗಿ ಗೊತ್ತಾಗುತ್ತದೆ. ಚಿಕ್ಕ ವಿಷಯ, ಆದರೆ ಕಸಿ ಕಲಿಯುವಾಗ ಇದರಿಂದ ಅರ್ಧ ಗೊಂದಲ ಕಡಿಮೆಯಾಗುತ್ತದೆ.

ಫೋನಿನಲ್ಲಿ ರೆಕಾರ್ಡ್ ಮಾಡುತ್ತಾ ನಿಂತರೆ ಕೆಲಸ ಮಾಡಲು ಕೈ ಖಾಲಿ ಉಳಿಯುವುದಿಲ್ಲ. ಬೇಕಾದರೆ ಗುಂಪಿನಲ್ಲಿ ಒಬ್ಬರು ರೆಕಾರ್ಡ್ ಮಾಡಿ ಎಲ್ಲರಿಗೂ ಕಳಿಸಲಿ.

ನಿಮ್ಮ ಸರದಿ ಬಂದಾಗ ಮಾಡಿ ಮುಗಿಸಿ ಪಕ್ಕಕ್ಕಿಡಬೇಡಿ. ಕಲಿಸುವವರನ್ನು ಕರೆದು "ಇದರಲ್ಲಿ ಏನು ತಪ್ಪಿದೆ ನೋಡಿ" ಅನ್ನಿ. "ಸರಿ ಇದೆಯಾ?" ಅಂತ ಕೇಳಿದರೆ ಸಂಕೋಚಕ್ಕೆ ಬಿದ್ದು "ಪರವಾಗಿಲ್ಲ, ಚೆನ್ನಾಗಿದೆ" ಅಂದುಬಿಡುತ್ತಾರೆ. ಏನು ತಪ್ಪಿದೆ ಅಂದಾಗ ಮಾತ್ರ ಹತ್ತಿರ ಬಂದು ನೋಡುತ್ತಾರೆ. ಕೆಟ್ಟುಹೋದ ಗಿಡ, ಕೊಳೆತ ಕಡ್ಡಿ, ಹಿಡಿಯದ ಕಸಿ ಇದ್ದರೆ ತೋರಿಸಿ ಅಂತ ಕೇಳಿ. ಮನೆಯಲ್ಲಿ ನೀವು ಒಬ್ಬರೇ ಇದ್ದಾಗ ಗುರುತಿಸಬೇಕಾದ್ದು ಅದನ್ನೇ.

ಗುಂಪಿನಲ್ಲಿ ಬಹಳ ವರ್ಷದಿಂದ ಗಿಡ ಬೆಳೆಸಿದ, ಮಾತು ಕಡಿಮೆಯಿರುವ ಒಬ್ಬರು ಸಾಮಾನ್ಯವಾಗಿ ಇದ್ದೇ ಇರುತ್ತಾರೆ. ಅವರ ಪಕ್ಕದಲ್ಲಿ ಕೆಲಸಕ್ಕೆ ಕೂರಿ. ಸುಮ್ನೆ ಅವರ ಕೈ ನೋಡಿದರೂ ಸಾಕು.

ಮಣ್ಣಿನ ಹದ ಮತ್ತು ಗೊಬ್ಬರದ ರಾಶಿ

ಮಣ್ಣಿನ ಕಾರ್ಯಾಗಾರದಲ್ಲಿ ಕಲಿಯಬೇಕಾದ್ದು ಯಾವಾಗ ಅಗೆಯಬಾರದು ಅನ್ನುವುದು. ಒಂದು ಹಿಡಿ ಮಣ್ಣು ಮುಷ್ಟಿಯಲ್ಲಿ ಹಿಸುಕಿ, ಕೈ ತೆರೆದು, ಉಂಡೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ. ಪುಡಿಯಾಗಿ ಒಡೆದರೆ ಹದವಾಗಿದೆ. ಬೆರಳಿನ ಗುರುತು ಮೂಡಿ ಉಂಡೆ ಹಾಗೇ ನಿಂತರೆ ಗುದ್ದಲಿ ಕೆಳಗಿಡಿ. ಒದ್ದೆ ಜೇಡಿ ಮಣ್ಣನ್ನು ತುಳಿದು ಅಗೆದರೆ ಅದು ಒಣಗಿದ ಮೇಲೆ ಹೆಂಟೆಗಟ್ಟಿ ಕಲ್ಲಾಗುತ್ತದೆ. ಗಾಳಿಯಾಡುವ ಸಂದುಗಳು ಮುಚ್ಚಿಹೋಗಿ ಬೇರು ಇಳಿಯುವುದಿಲ್ಲ.

ಆಮೇಲೆ ಅದೇ ಮಣ್ಣನ್ನು ಸ್ವಲ್ಪ ಒದ್ದೆ ಮಾಡಿ, ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ಪಟ್ಟಿಯಂತೆ ಹೊರಗೆ ತಳ್ಳಿ. ಪಟ್ಟಿ 5 ಸೆಂಟಿಮೀಟರ್ ದಾಟಿದರೆ ಜೇಡಿ. 2.5 ಸೆಂಟಿಮೀಟರ್ ಆಗುವ ಮೊದಲೇ ಮುರಿದರೆ ಗೋಡು ಮಣ್ಣು, ಅಂದರೆ ಮರಳು, ರೇವೆ, ಜೇಡಿ ಮೂರೂ ಬೆರೆತದ್ದು. ಪಟ್ಟಿಯೇ ಆಗದಿದ್ದರೆ ಮರಳು ಹೆಚ್ಚು. ಕಾರ್ಯಾಗಾರದಲ್ಲಿ ನಾಲ್ಕೈದು ತರಹದ ಮಣ್ಣನ್ನು ಒಂದರ ಪಕ್ಕ ಒಂದು ಮುಟ್ಟಲು ಸಿಕ್ಕರೆ ಕೈಗೆ ವ್ಯತ್ಯಾಸ ಬೇಗ ಹತ್ತುತ್ತದೆ. ಮನೆಯಲ್ಲಿ ಇರುವುದು ಒಂದೇ ಮಣ್ಣು, ಹೋಲಿಸಲು ಇನ್ನೊಂದಿಲ್ಲ.

ಗೊಬ್ಬರದ ರಾಶಿಗೆ ಬಂದರೆ, ಇಂದೋರ್ ಪದ್ಧತಿ ಅನ್ನುವ ಹೆಸರು ಎಲ್ಲಾದರೂ ಕಿವಿಗೆ ಬೀಳುತ್ತದೆ. ಬ್ರಿಟಿಷ್ ಸಸ್ಯವಿಜ್ಞಾನಿ ಆಲ್ಬರ್ಟ್ ಹೊವಾರ್ಡ್ 1920ರ ದಶಕದಲ್ಲಿ ಇಂದೋರಿನಲ್ಲಿದ್ದಾಗ ಕಸಕಡ್ಡಿ ಮತ್ತು ಸಗಣಿಯನ್ನು ಪದರ ಪದರವಾಗಿ ಹಾಕಿ, ಆಗಾಗ ಮಗುಚುವ ವಿಧಾನವನ್ನು ಕ್ರಮಬದ್ಧವಾಗಿ ರೂಪಿಸಿದರು. ಇವತ್ತಿನ ಬಹಳಷ್ಟು ಕಾರ್ಯಾಗಾರಗಳಲ್ಲಿ ಕಲಿಸುವುದು ಅದರದೇ ಬೇರೆ ಬೇರೆ ರೂಪಗಳನ್ನು.

ಪುಸ್ತಕದ ಲೆಕ್ಕ ಹೀಗಿದೆ: ಇಂಗಾಲ 25ರಿಂದ 30 ಭಾಗಕ್ಕೆ ಸಾರಜನಕ ಒಂದು ಭಾಗ. ಕೈಯ ಲೆಕ್ಕದಲ್ಲಿ ಹೇಳುವುದಾದರೆ ಎರಡು ಮೂರು ಬುಟ್ಟಿ ಒಣ ಎಲೆಗೆ ಒಂದು ಬುಟ್ಟಿ ಹಸಿ ಕಸ. ರಾಶಿ ಉದ್ದ, ಅಗಲ, ಎತ್ತರ ಮೂರೂ ಕಡೆ ಸುಮಾರು ಒಂದು ಮೀಟರ್ ಇದ್ದರೆ ಒಳಗೆ ಬಿಸಿ ಹಿಡಿದಿಟ್ಟುಕೊಳ್ಳುತ್ತದೆ. ಅದಕ್ಕಿಂತ ಚಿಕ್ಕದಾದರೆ ಗೊಬ್ಬರ ಆಗುತ್ತದೆ, ಆದರೆ ನಿಧಾನ. ಒಳಗಿನ ಬಿಸಿ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ಬಹುತೇಕ ಕಳೆ ಬೀಜಗಳೂ ರೋಗಾಣುಗಳೂ ಸಾಯುತ್ತವೆ. ಅಂಚಿನಲ್ಲಿ ಆ ಬಿಸಿ ಇರುವುದಿಲ್ಲವಾದ್ದರಿಂದಲೇ ಹೊರಗಿನದನ್ನು ಒಳಗೆ ಹಾಕಿ ಮಗುಚುವುದು. 70 ಡಿಗ್ರಿಯ ಹತ್ತಿರ ಹೋದರೆ ಗೊಬ್ಬರ ಮಾಡುವ ಜೀವಿಗಳೇ ಸಾಯತೊಡಗುತ್ತವೆ. ಆಗಲೂ ಮಗುಚಿ ತಣಿಸಬೇಕು.

ಕಾರ್ಯಾಗಾರದಲ್ಲಿ ನೀವು ಕೈ ಹಾಕಿಯೇ ನೋಡಬೇಕಾದ್ದು ತೇವ. ರಾಶಿಯ ನಡುವಿನಿಂದ ಒಂದು ಹಿಡಿ ತೆಗೆದು ಹಿಂಡಿ. ಚೆನ್ನಾಗಿ ಹಿಂಡಿದ ಬಟ್ಟೆಯ ಹಾಗೆ ಕೈ ಒದ್ದೆಯಾಗಬೇಕು, ಹನಿ ಒಂದೆರಡಕ್ಕಿಂತ ಹೆಚ್ಚು ಉದುರಬಾರದು. ಮೂಗನ್ನೂ ಬಳಸಿ. ಕಣ್ಣು ಉರಿಯುವಂಥ ಅಮೋನಿಯಾ ವಾಸನೆ ಬಂದರೆ ಹಸಿ ಕಸ ಜಾಸ್ತಿಯಾಗಿದೆ, ಒಣ ಎಲೆ ಸೇರಿಸಿ. ಕೊಳೆತ ನಾತ ಬಂದರೆ ಗಾಳಿ ಸಾಲದು ಅಥವಾ ನೀರು ಹೆಚ್ಚಾಗಿದೆ, ಮಗುಚಿ ಒಣ ಕಸ ಸೇರಿಸಿ. ಏನೂ ಆಗದೆ ತಣ್ಣಗೆ ಕೂತಿದ್ದರೆ ನೀರೋ ಹಸಿ ಕಸವೋ ಕಡಿಮೆ.

ಹೊರಗಿನಿಂದ ತಂದ ಗೊಬ್ಬರದ ಮೇಲೆ ಒಂದು ಅನುಮಾನ ಇಟ್ಟುಕೊಳ್ಳಿ. ಕೆಲವು ಕಳೆನಾಶಕಗಳು ಹುಲ್ಲಿನಿಂದ ದನದ ಹೊಟ್ಟೆಗೆ, ಅಲ್ಲಿಂದ ಸಗಣಿಗೆ ಬಂದು, ಗೊಬ್ಬರದಲ್ಲೂ ಉಳಿಯುತ್ತವೆ. ಆ ಗೊಬ್ಬರ ಬೆರೆಸಿದ ಕುಂಡದಲ್ಲಿ ನಾಲ್ಕು ಹುರುಳಿಕಾಯಿ ಬೀಜ, ಬೆರೆಸದ ಕುಂಡದಲ್ಲಿ ನಾಲ್ಕು ಬೀಜ ಹಾಕಿ ಎರಡು ಮೂರು ವಾರ ನೋಡಿ. ಒಂದರಲ್ಲಿ ಮಾತ್ರ ಎಲೆ ಮುರುಟಿ ಸುರುಳಿಯಾದರೆ ಆ ಗೊಬ್ಬರ ತರಕಾರಿ ಮಡಿಗೆ ಬೇಡ.

ಎಳೆ ಸಸಿ, ಕಡ್ಡಿ

ಟ್ರೇಯಲ್ಲಿ ಒತ್ತಾಗಿ ಹುಟ್ಟಿದ ಸಸಿಗಳನ್ನು ಬೇರೆ ಕುಂಡಕ್ಕೆ ಬಿಡಿಸಿ ನೆಡುವುದು ನೋಡಲು ಸುಲಭ. ಬೀಜದೆಲೆಗಳ ನಂತರ ಮೊದಲ ನಿಜವಾದ ಎಲೆ ಕಾಣುವಾಗ ಇದನ್ನು ಮಾಡಬೇಕು. ಚಿಕ್ಕ ಕಡ್ಡಿಯನ್ನು ಪಕ್ಕದಲ್ಲಿ ಚುಚ್ಚಿ ಬೇರನ್ನು ಕೆಳಗಿನಿಂದ ಎಬ್ಬಿಸಿ. ಸಸಿಯನ್ನು ಎತ್ತುವುದು ಬೀಜದೆಲೆ ಹಿಡಿದು, ಕಾಂಡ ಹಿಡಿದಲ್ಲ. ಎಲೆ ಹರಿದರೆ ಇನ್ನೊಂದು ಬರುತ್ತದೆ. ಕಾಂಡ ಜಜ್ಜಿದರೆ ಮುಗಿಯಿತು. ಹೊಸಬರ ಬೆರಳು ತಾನಾಗಿಯೇ ಕಾಂಡಕ್ಕೆ ಹೋಗುತ್ತದೆ. ಒಂದು ಇಡೀ ಟ್ರೇ ಬಿಡಿಸುವ ಹೊತ್ತಿಗೆ ಈ ಅಭ್ಯಾಸ ತಪ್ಪುತ್ತದೆ.

ಸಸಿಗಳು ಬುಡದಲ್ಲಿ ಸಣಕಲಾಗಿ ಮಡಿಚಿ ಬೀಳುವ ರೋಗವನ್ನೂ ಅಲ್ಲೇ ಕೇಳಿ ತಿಳಿಯಿರಿ. ಪಿಥಿಯಮ್, ರೈಜೊಕ್ಟೋನಿಯಾ ಮುಂತಾದ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ನೀರು ಜಾಸ್ತಿಯಾದಾಗ, ಗಾಳಿಯಾಡದಾಗ, ಹಳೇ ಟ್ರೇ ತೊಳೆಯದೆ ಬಳಸಿದಾಗ ಇವು ಹೆಚ್ಚುತ್ತವೆ. ಮೇಲಿನಿಂದ ಸುರಿಯುವ ಬದಲು ಟ್ರೇಯನ್ನು ನೀರಿನ ತಟ್ಟೆಯಲ್ಲಿಟ್ಟು ಕೆಳಗಿನಿಂದ ಹೀರುವಂತೆ ಮಾಡಿ, ಮೇಲ್ಮಣ್ಣು ತೇವವಾದ ಕೂಡಲೇ ತೆಗೆಯಿರಿ.

ಕಡ್ಡಿ ನೆಡುವುದು ಹೊಸಬರಿಗೆ ಅತ್ಯಂತ ಒಳ್ಳೆಯ ಕಾರ್ಯಾಗಾರ ಅಂತ ನನ್ನ ಅಭಿಪ್ರಾಯ. ಖರ್ಚಿಲ್ಲ, ಹತ್ತು ಕಡ್ಡಿ ಹೋದರೂ ಬೇಸರವಿಲ್ಲ. 10ರಿಂದ 15 ಸೆಂಟಿಮೀಟರ್ ಉದ್ದದ, ಹೂವಿಲ್ಲದ, ಆರೋಗ್ಯವಾದ ಕಡ್ಡಿ ಬೇಕು. ಕೆಳಗಿನ ಕಡೆ ಗೆಣ್ಣಿನ ಕೆಳಗೇ ಓರೆಯಾಗಿ, ಮೇಲಿನ ಕಡೆ ನೇರವಾಗಿ ಕತ್ತರಿಸಿ. ಎಲೆಯಿಲ್ಲದ ಕಡ್ಡಿಗಳು ಕೈಯಲ್ಲಿ ಬೆರೆತಾಗ ಯಾವುದು ತಲೆ, ಯಾವುದು ಬುಡ ಅಂತ ಗೊತ್ತಾಗಲು ಇದೇ ಗುರುತು. ತಲೆಕೆಳಗಾಗಿ ನೆಟ್ಟ ಕಡ್ಡಿ ಸಾಮಾನ್ಯವಾಗಿ ಚಿಗುರುವುದಿಲ್ಲ. ಕೆಳಗಿನ ಎಲೆ ತೆಗೆದು, ಮೇಲೆ ಎರಡು ಮೂರು ಉಳಿಸಿ. ಎಲೆ ದೊಡ್ಡದಿದ್ದರೆ ಅರ್ಧಕ್ಕೆ ಕತ್ತರಿಸಿ. ಬೇರಿಲ್ಲದ ಕಡ್ಡಿ ನೀರು ಕುಡಿಯಲಾರದು, ಎಲೆಯಿಂದ ಮಾತ್ರ ಕಳೆದುಕೊಳ್ಳುತ್ತದೆ.

ಬೇರು ಬರಿಸುವ ಪುಡಿ ಬಳಸಿದರೆ ಡಬ್ಬಿಗೆ ನೇರವಾಗಿ ಅದ್ದಬೇಡಿ. ಬೇಕಾದಷ್ಟನ್ನು ಒಂದು ಕಾಗದದ ಮೇಲೆ ಹಾಕಿಕೊಂಡು, ಅದ್ದಿ, ಕೊಡವಿ. ಮಣ್ಣಿಗೆ ಚುಚ್ಚಿದರೆ ಪುಡಿ ಉಜ್ಜಿಹೋಗುತ್ತದೆ, ಆದ್ದರಿಂದ ಮೊದಲು ಬೇರೆ ಕಡ್ಡಿಯಿಂದ ರಂಧ್ರ ಮಾಡಿ. ಇನ್ನು ಮುಖ್ಯವಾದ ಮಾತು: ಬೇರು ಬಂತಾ ಅಂತ ದಿನಾ ಎಳೆದು ನೋಡಬೇಡಿ.

ಸವರುವುದು, ಕಸಿ

ಮರ ಸವರುವ ಕಾರ್ಯಾಗಾರಕ್ಕೆ ಹೋದಾಗ ಕೊಂಬೆಯ ಬುಡವನ್ನು ಬೆರಳಿನಿಂದ ಮುಟ್ಟಿ ನೋಡಿ. ಕೊಂಬೆ ಕಾಂಡಕ್ಕೆ ಸೇರುವ ಕಡೆ ಒಂದು ಉಬ್ಬು ಇರುತ್ತದೆ. ಕತ್ತರಿಸುವುದು ಅದರ ಹೊರಗೆ. ಉಬ್ಬನ್ನು ಸೇರಿಸಿ ಕಾಂಡಕ್ಕೆ ಸಮನಾಗಿ ಕತ್ತರಿಸಿದರೆ ಗಾಯ ದೊಡ್ಡದಾಗಿ ಕೊಳೆ ಒಳಗಿಳಿಯುತ್ತದೆ. ಉದ್ದ ಮೋಟು ಬಿಟ್ಟರೆ ಅದು ಒಣಗಿ ಕೊಳೆಯುತ್ತದೆ. ಅಮೆರಿಕದ ಅರಣ್ಯ ಸೇವೆಯ ವಿಜ್ಞಾನಿ ಆಲೆಕ್ಸ್ ಶೈಗೊ ಸಾವಿರಾರು ಮರಗಳನ್ನು ಉದ್ದಕ್ಕೆ ಸೀಳಿ ನೋಡಿ ಇದನ್ನು ತೋರಿಸಿಕೊಟ್ಟರು. ಮರ ಗಾಯವನ್ನು ವಾಸಿ ಮಾಡುವುದಿಲ್ಲ, ಸುತ್ತಲೂ ಗೋಡೆ ಕಟ್ಟಿ ಬೇರೆ ಮಾಡಿಡುತ್ತದೆ ಅನ್ನುವುದು ಅವರ ಮಾತಿನ ಸಾರ. ಗಾಯಕ್ಕೆ ಬಣ್ಣ ಬಳಿಯುವುದರಿಂದ ಸಾಮಾನ್ಯವಾಗಿ ಕೊಳೆ ನಿಲ್ಲುವುದಿಲ್ಲ ಅಂತಲೂ ಅವರ ಕೆಲಸದಿಂದ ಗೊತ್ತಾಯಿತು. ಈಗಲೂ ಕೆಲವು ಕಡೆ ಬಣ್ಣ ಬಳಿಯಲು ಹೇಳಿಕೊಡುತ್ತಾರೆ. ಯಾವ ಮರಕ್ಕೆ, ಯಾವ ರೋಗಕ್ಕಾಗಿ ಅಂತ ಕೇಳಿ ನೋಡಿ.

ದಪ್ಪ ಕೊಂಬೆಗೆ ಮೂರು ಕಡಿತ. ಕಾಂಡದಿಂದ ಒಂದು ಅಡಿ ದೂರದಲ್ಲಿ ಕೆಳಗಿನಿಂದ ಕಾಲು ಭಾಗ ಕೊಯ್ಯಿರಿ. ಅದರಿಂದ ಸ್ವಲ್ಪ ಹೊರಗೆ ಮೇಲಿನಿಂದ ಪೂರ್ತಿ ಕೊಯ್ಯಿರಿ, ಕೊಂಬೆ ಬೀಳುತ್ತದೆ. ಉಳಿದ ಮೋಟನ್ನು ಉಬ್ಬಿನ ಹೊರಗೆ ನೀಟಾಗಿ ತೆಗೆಯಿರಿ. ಮೇಲಿನಿಂದ ಒಂದೇ ಸಲ ಕೊಯ್ದರೆ ಕೊಂಬೆಯ ಭಾರಕ್ಕೆ ತೊಗಟೆ ಕಾಂಡದವರೆಗೂ ಸಿಗಿದು ಬರುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಬ್ಲೇಡನ್ನು ಸ್ಪಿರಿಟ್‌ನಿಂದ ಒರೆಸುವುದನ್ನು ಮರೆಯಬೇಡಿ.

ಕಸಿಯ ಗುಟ್ಟು ತೊಗಟೆಯ ಕೆಳಗಿನ ತೆಳು ಹಸಿರು ಪದರದಲ್ಲಿದೆ. ಬೇರುಗಿಡದ (ಬೇರು ಇರುವ, ಕೆಳಗಿನ ಗಿಡ) ಆ ಪದರ ಕಸಿಕಡ್ಡಿಯ (ಅದಕ್ಕೆ ಕೂಡಿಸುವ ಕಡ್ಡಿ) ಆ ಪದರಕ್ಕೆ ತಾಗಬೇಕು. ಎರಡೂ ಒಂದೇ ದಪ್ಪ ಇಲ್ಲದಿದ್ದರೆ ಒಂದು ಅಂಚಿನಲ್ಲಾದರೂ ಕೂಡಿಸಿ. ಕಡಿತ ಒಂದೇ ಎಳೆತದಲ್ಲಿ ಬರಬೇಕು. ಎರಡು ಮೂರು ಸಲ ಕೆರೆದರೆ ಮೇಲ್ಮೈ ಅಲೆಅಲೆಯಾಗಿ ನಡುವೆ ಸಂದು ಉಳಿಯುತ್ತದೆ. ಎರಡು ಕಡಿತಗಳನ್ನು ಜೋಡಿಸಿ ಬೆಳಕಿಗೆ ಹಿಡಿಯಿರಿ. ನಡುವೆ ಬೆಳಕು ಕಂಡರೆ ಇನ್ನೊಂದು ಕಡ್ಡಿ ತೆಗೆದುಕೊಳ್ಳಿ. ಒಳ್ಳೆಯ ಕಾರ್ಯಾಗಾರದಲ್ಲಿ ಮೊದಲ ಅರ್ಧ ದಿನ ಗಿಡವನ್ನೇ ಮುಟ್ಟಿಸುವುದಿಲ್ಲ, ಸವರಿ ಬಿಸಾಡಿದ ಕಡ್ಡಿಗಳ ಮೇಲೆಯೇ ಕೊಯ್ಯಿಸುತ್ತಾರೆ. ಬೇಸರ ಮಾಡಿಕೊಳ್ಳಬೇಡಿ. ಚಾಕು ಯಾವಾಗಲೂ ಹರಿತವಾಗಿರಲಿ. ಮೊಂಡು ಚಾಕುವಿಗೆ ಹೆಚ್ಚು ಬಲ ಹಾಕಬೇಕು, ಬಲ ಹಾಕಿದಾಗಲೇ ಬೆರಳು ಕುಯ್ಯುವುದು.

ಚಾಕು ಕೈಗೆ ಒಗ್ಗದಿದ್ದರೆ ಗೂಟಿ ಕಟ್ಟುವುದನ್ನು ಮೊದಲು ಕಲಿಯಿರಿ. ಗಿಡದಲ್ಲೇ ಇರುವ ಕೊಂಬೆಯ ತೊಗಟೆಯನ್ನು 2–3 ಸೆಂಟಿಮೀಟರ್ ಅಗಲ ಉಂಗುರದಂತೆ ತೆಗೆದು, ಒಳಗಿನ ಜಾರುವ ಪದರವನ್ನು ಕೆರೆದು, ಒದ್ದೆ ಪಾಚಿ (ಸ್ಫ್ಯಾಗ್ನಮ್ ಮಾಸ್) ಸುತ್ತಿ ಪ್ಲಾಸ್ಟಿಕ್ ಹಾಳೆಯಿಂದ ಬಿಗಿಯಾಗಿ ಕಟ್ಟಬೇಕು. ಬೇರು ಬರುವವರೆಗೂ ತಾಯಿ ಗಿಡ ನೀರು ಕೊಡುತ್ತಿರುತ್ತದೆ, ಆದ್ದರಿಂದ ಸೋಲು ಕಡಿಮೆ.

ಮನೆಗೆ ಬಂದ ಮೇಲಿನ ವಾರ

ಕಲಿತದ್ದನ್ನು ಏಳು ದಿನದೊಳಗೆ ಮಾಡಿ. ಒಂದು ಕಡ್ಡಿ ನೆಡಬೇಡಿ, ಹನ್ನೆರಡು ನೆಡಿ. ಒಂದೇ ನೆಟ್ಟು ಒಣಗಿದರೆ ಯಾಕೆ ಅಂತ ತಿಳಿಯುವುದಿಲ್ಲ. ಆರಕ್ಕೆ ಪುಡಿ ಹಾಕಿ, ಆರಕ್ಕೆ ಹಾಕದೆ ಬಿಟ್ಟು, ಉಳಿದದ್ದೆಲ್ಲ ಒಂದೇ ತರಹ ಇಟ್ಟರೆ ಪುಡಿಯಿಂದ ಏನಾದರೂ ಉಪಯೋಗವಾಯಿತಾ ಅಂತ ಸುಳಿವು ಸಿಗುತ್ತದೆ. ಹೆಸರು, ದಿನಾಂಕ ಬರೆದ ಚೀಟಿ ಚುಚ್ಚಿ. ನೆನಪಿರುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ.

ಕಾರ್ಯಾಗಾರದಿಂದ ತಂದ ಗಿಡವನ್ನು ನೇರವಾಗಿ ಮಡಿಗೆ ಇಳಿಸಬೇಡಿ. ಒಂದೆರಡು ವಾರ ಬೇರೆ ಗಿಡಗಳಿಂದ ದೂರ ಇಟ್ಟು, ಎಲೆಯ ಕೆಳಭಾಗ ನೋಡುತ್ತಿರಿ. ಬಿಳಿ ನೊಣ, ಹಿಟ್ಟು ತಿಗಣೆ, ಜೇಡ ನುಸಿ ಬರುವುದು ಹೀಗೆಯೇ. ಬೇರಿನಲ್ಲಿ ಗಂಟುಗಳು ಕಂಡರೆ ಬೇರಿಗೆ ಹತ್ತುವ ಸೂಕ್ಷ್ಮ ಜಂತುಹುಳುವಿನ (ನೆಮಟೋಡ್) ಬಾಧೆ ಇರಬಹುದು. ಗಿಡವನ್ನೂ ಆ ಮಣ್ಣನ್ನೂ ತೋಟಕ್ಕೆ ಸೇರಿಸಬೇಡಿ. ಅಲ್ಲಿ ಬಳಸಿದ ಬೂಟು, ಗುದ್ದಲಿಯ ಮಣ್ಣನ್ನೂ ತೊಳೆದುಬಿಡಿ.

ಹತ್ತಿರದಲ್ಲಿ ಕಾರ್ಯಾಗಾರವೇ ಇಲ್ಲದಿದ್ದರೆ

ನೀವೇ ಕರೆಯಿರಿ. ಗಿಡ ಚೆನ್ನಾಗಿ ಬೆಳೆಸುವ ಒಬ್ಬರನ್ನು ಹುಡುಕಿ, "ಭಾಷಣ ಬೇಡ, ನೀವು ವಾರದಲ್ಲಿ ಮಾಡುವ ಕೆಲಸವನ್ನೇ ನಮ್ಮ ಕೈಯಲ್ಲಿ ಮಾಡಿಸಿ" ಅನ್ನಿ. ಎಷ್ಟೋ ಜನ ಮಾತಾಡಲು ಬರುವುದಿಲ್ಲ ಅಂತ ಹಿಂಜರಿಯುತ್ತಾರೆ. ಮಾತೇ ಬೇಡ ಅಂದರೆ ಒಪ್ಪುತ್ತಾರೆ. ಎಂಟು ಜನ, ಒಂದು ಕೆಲಸ, ಎರಡು ಗಂಟೆ, ಇಷ್ಟು ಸಾಕು. ಇಬ್ಬರಿಗೆ ಒಂದಾದರೂ ಸಲಕರಣೆ ಇರಲಿ, ಒಬ್ಬರು ಮಾಡುವಾಗ ಇನ್ನೊಬ್ಬರು ನೋಡಿ ತಿದ್ದಲಿ. ಕೈ ತೊಳೆಯಲು ಸೋಪು ನೀರು, ನೆರಳು, ಬ್ಯಾಂಡೇಜು ಇರುವ ಚಿಕ್ಕ ಪೆಟ್ಟಿಗೆ ಮೊದಲೇ ಸಿದ್ಧವಿರಲಿ.

ಎರಡನೆಯ ಭೇಟಿಯ ದಿನವನ್ನು ಮೊದಲ ದಿನವೇ ಗೊತ್ತು ಮಾಡಿ. ಕಡ್ಡಿ ನೆಟ್ಟಿದ್ದರೆ ಐದಾರು ವಾರ ಬಿಟ್ಟು, ಗೊಬ್ಬರದ ರಾಶಿಯಾದರೆ ಮುಂದಿನ ವಾರವೇ ಮಗುಚಲು ಸೇರಿ. ಬರುವಾಗ ಚಿಗುರಿದ ಕಡ್ಡಿಯ ಜೊತೆಗೆ ಒಣಗಿದ್ದನ್ನೂ ತರಬೇಕು ಅಂತ ಎಲ್ಲರಿಗೂ ಮೊದಲೇ ಹೇಳಿಬಿಡಿ.